ರೇಡಿಯೋ ಆಯಿಯ ದನಿ

ನಮ್ಮ ರೇಡಿಯೋವನ್ನು ಯಾರಾದರೂ ಕೇಳುತ್ತಿರಬಹುದು ಎಂಬ ಸಂಶಯ ನನಗೆ ಬಹಳ ಕಾಲ ಬಂದಿರಲಿಲ್ಲ. ಅದಕ್ಕೇ ಮೈಕಿನ ಮುಂದೆ ನನಗೆ ಅಷ್ಟೊಂದು ಧೈರ್ಯ.

ಗಚ್ಚಿಬೌಲಿಯ ನಮ್ಮ ವಿಶ್ವವಿದ್ಯಾಲಯದಲ್ಲಿ ಬಂಡೆ, ನವಿಲು ಮತ್ತು ಪಿಎಚ್‌ಡಿ ಮುಗಿಯದವರು, ಈ ಮೂರಕ್ಕೂ ಬರವಿಲ್ಲ. ನಾನು ಓದಲು ಸೇರಿದಾಗ ರೇಡಿಯೋ ಕೇಂದ್ರಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಕ್ಯಾಂಟೀನಿನ ಹಿಂದೆ ಮುರಿದ ಕುರ್ಚಿಗಳನ್ನು ಒಟ್ಟುತ್ತಿದ್ದ ಕೋಣೆಯನ್ನೇ ತೆರವು ಮಾಡಿ ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದರು. ಸದ್ದು ಮೊಳಗದಿರಲೆಂದು ಗೋಡೆಗೆಲ್ಲ ಹಾಸ್ಟೆಲಿನ ಹಳೆಯ ಗಾದಿ ಬಡಿದಿದ್ದರು. ಗಾದಿ ಸಾಲದ ಕಡೆ ಮೊಟ್ಟೆಯ ಟ್ರೇ. ಒಳಗೆ ಕೂತರೆ ಯಾವುದೋ ಸೀನಿಯರನ ವರ್ಷಗಟ್ಟಲೆಯ ನಿದ್ದೆ ಮೂಗಿಗೆ ಬಡಿಯುತ್ತಿತ್ತು. ಇಷ್ಟಾದರೂ ನವಿಲಿನ ಕೂಗು ಗಾದಿಯನ್ನು ಸೀಳಿಕೊಂಡು ಒಳಗೆ ಬರುತ್ತಿತ್ತು. ಶುರುವಿನಲ್ಲಿ ನವಿಲು ಕೂಗಿದಾಗಲೆಲ್ಲ ಮತ್ತೆ ಮೊದಲಿನಿಂದ ರೆಕಾರ್ಡ್ ಮಾಡುತ್ತಿದ್ದರಂತೆ. ಆಮೇಲೆ ಸೋತು ಬಿಟ್ಟುಬಿಟ್ಟರು. ಸಕ್ಕರೆ ಕಾಯಿಲೆಯ ಬಗ್ಗೆ ಡಾಕ್ಟರು ಹೇಳುವ ಪ್ರತಿ ಮಾತಿಗೂ ಹಿಂದಿನಿಂದ ಒಂದು ನವಿಲು ಕಿರುಚುವುದು ನಮ್ಮ ಕೇಂದ್ರದ ಗುರುತೇ ಆಯಿತು.

ಕೇಂದ್ರವನ್ನು ಕಟ್ಟಿದವರು ನಮ್ಮ ಮೇಡಂ. ಅಲ್ಲೇ ಪಾಠ ಮಾಡುವ ಪ್ರಾಧ್ಯಾಪಕಿ, ತೆಲುಗಿನವರು. ದಿಲ್ಲಿಯಿಂದ ಪರವಾನಗಿ ಬರುವಷ್ಟರಲ್ಲಿ ತಮ್ಮ ಕೂದಲೆಲ್ಲ ಬೆಳ್ಳಗಾಯಿತು ಎನ್ನುತ್ತಿದ್ದರು. ತಪ್ಪದೆ ಬಣ್ಣ ಹಚ್ಚುತ್ತಿದ್ದುದರಿಂದ ಆ ಮಾತಿಗೆ ಸಾಕ್ಷಿ ಸಿಗುತ್ತಿರಲಿಲ್ಲ. ಗಾಜಿನ ಆಚೆ ಯಂತ್ರಗಳ ಮುಂದೆ ಕೂರುವ ತಂತ್ರಜ್ಞರೊಬ್ಬರಿದ್ದರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಅವರಿಗೆ ಮಾತೆಂದರೆ ಅಲರ್ಜಿ. ಹೆಬ್ಬೆರಳು ಮೇಲೆತ್ತಿದರೆ ಶುರು ಮಾಡು, ಕೆಳಗಿಳಿಸಿದರೆ ಬಾಯಿ ಮುಚ್ಚು, ಅಡ್ಡ ಹಿಡಿದರೆ ಚಹಾ ತರಿಸು. ಮಾತಿನ ಕೇಂದ್ರದಲ್ಲಿ ಅವರು ಬಾಳಿದ್ದು ಹೆಬ್ಬೆರಳಿನ ಮೇಲೆ.

ನಮ್ಮಂಥ ಸಮುದಾಯ ರೇಡಿಯೋದವರು ಸುದ್ದಿ ಓದುವಂತಿಲ್ಲ, ಬೇಕೆಂದಷ್ಟು ಜಾಹೀರಾತು ಹಾಕುವಂತಿಲ್ಲ, ದೊಡ್ಡ ಕೇಂದ್ರಗಳ ಹಾಗೆ ದೂರ ಮುಟ್ಟುವಂತಿಲ್ಲ. ಕಾನೂನೇ ಹಾಗೆ. ಆಗ ನಮ್ಮ ಏರಿಯಲ್ಲು ಇದ್ದದ್ದು ಒಂದು ತಗ್ಗು ಮಾಳಿಗೆಯ ಮೇಲೆ. ಅಲೆಗಳು ಬಂಡೆಗಳಿಗೆ ಹಾಯ್ದು, ಹೇಗೋ ಹಿಂದಿನ ಗೇಟಿನ ತನಕ ಹೋಗಿ, ಐಡಿ ಕಾರ್ಡ್ ಮರೆತವರ ಹಾಗೆ ಅಲ್ಲೇ ನಿಂತುಬಿಡುತ್ತಿದ್ದವು.

ನಮ್ಮ ಮನೆ ಇರುವುದು ನಗರದ ಆ ತುದಿಯ ಕುಷಾಯಿಗೂಡದಲ್ಲಿ. ಅಪ್ಪ ಬೀದರ ಕಡೆಯವರು, ಕುಷಾಯಿಗೂಡದ ಪಕ್ಕದ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗ ರೇಡಿಯೋದಲ್ಲಿ ಬರುತ್ತಾನೆಂದು ಕೇಳಿ ಮಾಳಿಗೆ ಹತ್ತಿ, ಟ್ರಾನ್ಸಿಸ್ಟರಿನ ಕಡ್ಡಿ ಎಳೆದು, ಎಲ್ಲ ದಿಕ್ಕಿಗೂ ತಿರುವಿ ನೋಡಿದರು.

"ಏನೂ ಬರವಲ್ದಲ್ಲೋ."

"ಇಲ್ಲೀತನಕ ಬರಂಗಿಲ್ಲಪ್ಪಾ. ಅಲ್ಲೇ ಗೇಟಿನ ತನಕ ಅಷ್ಟ."

"ಹಂಗಾದ್ರ ಗೇಟಿನ್ಯಾಗ ನಿಂತು ಒದರಿದ್ರ ಆಗತಿತ್ತಲ್ಲ. ಕರೆಂಟರ ಉಳೀತಿತ್ತು."

ಮೇಡಂ ಮಾತ್ರ ಗೇಟಿಗೆ ನಿಲ್ಲುವವರಲ್ಲ. ಗೇಟಿನಾಚೆ ಏಳುತ್ತಿದ್ದ ಎತ್ತರದ ಕಟ್ಟಡಗಳ ಬುಡದಲ್ಲಿ ಕೆಲಸಗಾರರ ತಗಡಿನ ಶೆಡ್ಡುಗಳಿದ್ದವು. ಅಲ್ಲಿಯವರು ಏನು ಕೇಳಬಯಸುತ್ತಾರೆ ವಿಚಾರಿಸಿಕೊಂಡು ಬನ್ನಿ ಎಂದು ವಿದ್ಯಾರ್ಥಿಗಳನ್ನೆಲ್ಲ ಅಟ್ಟಿದರು. ನಾನೂ ಹಿಂದೆ ಹಿಂದೆ ಹೋದೆ, ಬಿಸಿಲಿಗೆ ಬೈಯುತ್ತ. ಒಬ್ಬ ಹೆಂಗಸು ತಲೆಯ ಮೇಲಿನ ಬುಟ್ಟಿ ಇಳಿಸಿ, ನಮ್ಮ ಹುಡುಗಿಯೊಬ್ಬಳ ಪುಸ್ತಕದ ತೆಲುಗನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಪಕ್ಕದವಳ ಕಡೆ ತಿರುಗಿದಳು.

"ಏನ್ ಕೇಳಾಕತ್ತಾಳವಾ ಈಕಿ? ಅಕ್ಕಿ ಏನರ ಕೊಡತಾರೇನು?"

ನಾನು ಬೆಚ್ಚಿಬಿದ್ದೆ. ಯಾದಗಿರಿ ಕಡೆಯವರು! ಆಮೇಲೆ ಕಿವಿಗೊಟ್ಟು ಕೇಳಿದರೆ ಶೆಡ್ಡಿನ ತುಂಬ ಅದೇ ಮಾತು. ಗೇಟು ಕಾಯುವವರು, ಲಿಫ್ಟಿನವರು, ಮನೆಗೆಲಸಕ್ಕೆ ಹೋಗುವವರು, ಎಷ್ಟೋ ಜನ ನಮ್ಮ ಕಡೆಯವರೇ. ಹೊರಗೆ ತೆಲುಗು, ಹಿಂದಿ. ತಗಡಿನ ಒಳಗೆ ಕನ್ನಡ. "ನಮ್ ಮಾತಿನ್ಯಾಗೂ ಒಂದೀಟು ಏನರ ಹಚ್ಚರ್ರಿ," ಎಂದಳು ಆ ಹೆಂಗಸು. ಮೇಡಂ ವಾರಕ್ಕೆ ಅರ್ಧ ಗಂಟೆ ಕೊಟ್ಟರು. ಅದನ್ನು ನಡೆಸುವವರು ಯಾರು ಎಂಬ ಪ್ರಶ್ನೆ ಬಂದಾಗ ನಾನು ಮೇಡಂ ದನಿಯಲ್ಲೇ "ನಾನೇ ನಡೆಸುತ್ತೇನೆ, ಇನ್ನೇನು ಮಾಡಲಿ, ಎಲ್ಲ ನನ್ನ ತಲೆಯ ಮೇಲೇ ಬರುತ್ತದೆ" ಎಂದೆ. ಯಾರೂ ನಗಲಿಲ್ಲ. ಮೇಡಂ ಹಿಂದೆಯೇ ನಿಂತಿದ್ದರು. ಹೀಗೆ ನಾನು ಕನ್ನಡ ವಿಭಾಗದ ಮುಖ್ಯಸ್ಥನೂ, ಸಿಬ್ಬಂದಿಯೂ, ಬಹುಶಃ ಏಕಮಾತ್ರ ಶ್ರೋತೃವೂ ಆದೆ.

ದನಿ ತೆಗೆಯುವುದು ನನಗೆ ಚಿಕ್ಕಂದಿನ ಚಟ. ಮಾಸ್ತರರು, ಬಸ್ ಕಂಡಕ್ಟರು, ಅಪ್ಪನ ಕಾರ್ಖಾನೆಯ ಸೈರನ್ನು, ಎಲ್ಲವೂ ಆಗುತ್ತದೆ. ನನಗೂ ಒಂದು ಸ್ವಂತ ದನಿಯಿದೆ. ಅದನ್ನು ಮಾತ್ರ ಇದುವರೆಗೂ ಯಾರೂ ಕೇಳಿ ಪಡೆದಿಲ್ಲ.

ಕಾರ್ಯಕ್ರಮದಲ್ಲಿ ಶ್ರೋತೃಗಳ ಫೋನಿಗೆಂದು ಸಮಯವಿಟ್ಟಿದ್ದೆವು. ಫೋನು ಸತ್ತ ಹಾವಿನ ಹಾಗೆ ಬಿದ್ದಿರುತ್ತಿತ್ತು. ಆ ಖಾಲಿ ಹೊತ್ತಿಗೆ ಹಾಕಲೆಂದೇ, ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು, ನಾನೊಂದು ಪಾತ್ರ ಶುರು ಮಾಡಿದೆ. ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುತ್ತಾರೆ. ಹಳ್ಳಿಯಿಂದ ಗಚ್ಚಿಬೌಲಿಗೆ ಬಂದ ಒಬ್ಬ ಆಯಿ ರೇಡಿಯೋಕ್ಕೆ ಫೋನು ಮಾಡಿ ದೊಡ್ಡ ಗಂಟಲಲ್ಲಿ ತಕರಾರು ಹೇಳುತ್ತಾಳೆ. ಆಯಿಯೂ ನಾನೇ, ಉತ್ತರ ಕೊಡುವವನೂ ನಾನೇ ಎಂದು ಪ್ರತಿ ವಾರ ಮೊದಲೇ ಹೇಳಿಬಿಡುತ್ತಿದ್ದೆ. ಮೇಡಂ ಇದರಲ್ಲಿ ಬಹಳ ಕಟ್ಟುನಿಟ್ಟು.

"ನೋಡ್ ತಮ್ಮಾ, ಇಲ್ಲೆ ಒಂದು ಡಬ್ಬಿ ಐತಿ, ಲಿಫ್ಟ್ ಅಂತ. ಅದರಾಗ ನಿಂತ್ರ ಹೊಟ್ಟಿ ಮ್ಯಾಲ ಹೋಗತೈತಿ, ನಾ ಕೆಳಗ ಉಳೀತೀನಿ. ಹೊಟ್ಟಿ ಹುಡಕಾಕ ಯಾವ ಮಾಳಿಗಿಗೆ ಹೋಗಲಿ?"

"ಹನ್ನೊಂದನೇದಕ್ಕ ಹೋಗು ಆಯಿ, ಎಲ್ಲಾರ ಹೊಟ್ಟೀನೂ ಅಲ್ಲೇ ಇಳೀತಾವ."

"ಚ್, ಅದಲ್ಲದು. ನಿನಗ ತಿಳಿಯಂಗಿಲ್ಲ. ಇಡತೀನಿ ತಮ್ಮಾ, ಹುಡುಗೂರಿಗೆ ರೊಟ್ಟಿ ಬಡೀಬೇಕು."

ಕೊನೆಗೆ ಆ ರೊಟ್ಟಿಯ ಮಾತು ಬರಲೇಬೇಕು. ಅದು ನಾನೇ ಕಟ್ಟಿದ ಮಾತೆಂದು ನನಗೆ ಬಹಳ ಹೆಮ್ಮೆಯಿತ್ತು.

ಇಷ್ಟರಲ್ಲಿ ಕೇಂದ್ರ ಬೆಳೆಯುತ್ತಿತ್ತು. ಏರಿಯಲ್ಲು ತಗ್ಗು ಮಾಳಿಗೆಯಿಂದ ಎತ್ತರದ ಕಂಬಕ್ಕೆ ಹೋಯಿತು. ಗಾದಿಗಳು ಇಳಿದು, ನಿಜವಾದ ಸದ್ದು ಹೀರುವ ಹಲಗೆಗಳು ಬಂದವು. ಸೀನಿಯರನ ನಿದ್ದೆಯಿಂದ ನಮಗೆ ಬಿಡುಗಡೆ. ಬೆಳಗ್ಗೆ ಉರ್ದು, ಮಧ್ಯಾಹ್ನ ತೆಲುಗು, ಹೆಂಗಸರೇ ನಡೆಸುವ ಹಿಂದಿ ತಾಸು. ಶೆಡ್ಡಿನ ಹೆಂಗಸರು ಗುಂಪು ಕಟ್ಟಿಕೊಂಡು ಬಂದು ಬೀಸುವ ಪದ ಹಾಡಿದರು. ಮುಗಿದ ಮೇಲೆ ಏಸಿ ಸ್ಟುಡಿಯೋದಿಂದ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು. ಆಮೇಲೆ ಅಣ್ಣ ಏನೋ ತಂತಿ ಜೋಡಿಸಿ ಕೇಂದ್ರವನ್ನು ಮೊಬೈಲಿಗೂ ತಂದರು. ಗೇಟಿನಲ್ಲಿ ನಿಂತಿದ್ದ ನಮ್ಮ ಅಲೆಗೆ ಕೊನೆಗೂ ಹೊರಗೆ ಹೋಗಲು ಅನುಮತಿ ಸಿಕ್ಕಂತಾಯಿತು. ಕುಷಾಯಿಗೂಡದಲ್ಲಿ ಅಪ್ಪ ಮೊದಲ ಸಲ ನನ್ನ ಕಾರ್ಯಕ್ರಮ ಕೇಳಿ, "ಆ ಮುದುಕಿ ಛಲೋ ಮಾತಾಡತಾಳ. ಮತ್ತ ಆ ನಡುವ ಬರೋ ಹುಡುಗನ್ನ ತಗಸು," ಎಂದರು.

ಓದು ಮುಗಿದರೂ ನಾನು ಅಲ್ಲೇ ಉಳಿದೆ. ಕನ್ನಡಕ್ಕೆ ವಾರದ ಅರ್ಧ ಗಂಟೆ ಹೋಗಿ ದಿನವೂ ಒಂದು ಹೊತ್ತು ಬಂತು. ಕಾವಲಿನವರು ಪಾಳಿಯ ಹೊತ್ತಿಗೆ ಕ್ಯಾಬಿನ್ನಿನಲ್ಲಿ ಮೊಬೈಲು ಹಚ್ಚಿಟ್ಟುಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ನಾನು ನಂಬಲಿಲ್ಲ. ಆಗಲೇ ಆಕೆ ಬಂದದ್ದು.

ಮಧ್ಯಾಹ್ನದ ಹೊತ್ತು. ದೊಡ್ಡ ಕಂಪನಿಯ ಕಾರ್ಡನ್ನು ಕೊರಳಿಗೆ ಹಾಕಿಕೊಂಡ, ನಲವತ್ತರ ಆಸುಪಾಸಿನ ಹೆಂಗಸು. ಆ ವಾರ ಆಯಿಯ ಬಾಯಿಂದ ಗೇಟು ಹಾಕಿದ ಅಪಾರ್ಟ್‌ಮೆಂಟುಗಳನ್ನು ಚೆನ್ನಾಗಿ ಗೇಲಿ ಮಾಡಿಸಿದ್ದೆ. ಜಗಳಕ್ಕೇ ಬಂದಿದ್ದಾರೆಂದು ನಾನು ಬಾಗಿಲ ಮರೆಯಿಂದ ಮೇಡಂ ದನಿಯಲ್ಲಿ, "ಕನ್ನಡದ ಹುಡುಗ ರಜೆಯಲ್ಲಿದ್ದಾನೆ," ಎಂದೆ.

"ಆಯಿ ಪಾತ್ರ ಮಾಡೋರು ನೀವೇ ಅಲ್ವಾ?" ಎಂದರು ಆಕೆ. ಅವರ ದನಿ ಎಷ್ಟು ಸಣ್ಣದೆಂದರೆ, ನಾನು ಮರೆಯಿಂದ ಹೊರಗೆ ಬಂದು ಕಿವಿ ಹತ್ತಿರ ಒಯ್ಯಬೇಕಾಯಿತು. ಕನ್ನಡ ಬಹಳ ಅಚ್ಚುಕಟ್ಟು, ಇಸ್ತ್ರಿ ಮಾಡಿದ ಹಾಗೆ.

"ತಪ್ಪಾಗಿದ್ದರೆ ಹೊಟ್ಟೆಗೆ ಹಾಕ್ಕೊಳ್ರಿ ಅಕ್ಕಾರ, ಅಪಾರ್ಟ್‌ಮೆಂಟಿನವರ ಬಗ್ಗೆ ನನಗೇನೂ..."

"ಆ ದನಿ ನಿಮಗೆ ಎಲ್ಲಿ ಸಿಕ್ಕಿತು?"

"ಎಲ್ಲೂ ಸಿಕ್ಕಿದ್ದಲ್ಲ. ನಾನೇ ಕಟ್ಟಿದ್ದು."

"ಇಲ್ಲ," ಎಂದರು. ಅಷ್ಟೇ ಸಣ್ಣಗೆ. "ಹೆಂಗಸರನ್ನೂ ತಮ್ಮಾ ಅಂತಾಳಲ್ಲ. ಮಾತು ಮುಗಿಯೋದಕ್ಕೆ ಮುಂಚೆ ತಾನೇ ನಗ್ತಾಳಲ್ಲ. 'ಚ್' ಅಂತ ನಾಲಿಗೆ ಸಪ್ಪಳ ಮಾಡಿ 'ಅದಲ್ಲದು' ಅಂತಾಳಲ್ಲ. ಅದು ನಮ್ಮಮ್ಮ."

ಅವರು ಹೇಳಿದ್ದು ಇಷ್ಟು. ಹಿಂದಿನ ದಿನ ಕಾರು ತಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಾಗ ಕಾವಲಿನವನ ಮೊಬೈಲಿನಿಂದ ಅಮ್ಮನ ದನಿ ಬಂತು. ಹಿಂದಿನ ಕಾರಿನವನು ಹಾರ್ನು ಹೊಡೆದರೂ ಬ್ರೇಕಿನ ಮೇಲಿನ ಕಾಲು ಏಳಲಿಲ್ಲ. ಇಳಿದು ಓಡಿ ಹೋಗಿ ಕೇಳಿದರೆ ಆತ ನಕ್ಕು, "ಅದು ರೇಡಿಯೋ ಹುಡುಗ ಮೇಡಂ, ಮುದುಕೀನ ಮಾಡತಾನ," ಅಂದ. ಅವರ ಅಮ್ಮ ಎರಡು ವರ್ಷದ ಹಿಂದೆ ದಸರೆಗೆ ಮುಂಚೆ ಮನೆಯಿಂದ ಹೊರಟವರು ಮತ್ತೆ ಬಂದಿಲ್ಲ. ಫೋನನ್ನು ಹಾಸಿಗೆಯ ಮೇಲೇ ಇಟ್ಟು ಹೋಗಿದ್ದರು. ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ಆಸ್ಪತ್ರೆಗಳನ್ನು ನೋಡಿದ್ದಾಯಿತು, ರಾಯಚೂರು ಕಡೆಯ ಊರಿಗೆ ಹೋಗಿ ಬಂದದ್ದಾಯಿತು. ಇರುವವಳು ಒಬ್ಬಳೇ ಮಗಳು.

"ನಮ್ಮಮ್ಮ ಎಲ್ಲಿದ್ದಾಳೆ ಹೇಳಿ. ನನಗೆ ಬೇರೇನೂ ಬೇಡ."

ನನ್ನ ಬಾಯಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಜನರ ಉತ್ತರ ತಯಾರಿರುತ್ತದೆ. ಆ ಹೊತ್ತು ಆಕೆಗೊಂದು ಕುರ್ಚಿಯನ್ನಷ್ಟೇ ಎಳೆದುಕೊಟ್ಟೆ.

"ಮತ್ತೆ ಆ ಹುಡುಗರು ಯಾರು?" ಎಂದರು.

"ಯಾವ ಹುಡುಗರು?"

"ರೊಟ್ಟಿ ಬಡೀಬೇಕು ಅಂತಾಳಲ್ಲ. ನಮ್ಮಮ್ಮನಿಗೆ ಗಂಡು ಮಕ್ಕಳಿಲ್ಲ. ನನಗೂ ಇಲ್ಲ. ಯಾವ ಹುಡುಗರು?"

ಅದು ನನ್ನ ಮಾತು, ಸುಮ್ಮನೆ ನಗಿಸಲು ಹಾಕಿದ್ದು ಎನ್ನಲು ಹೋದೆ. ಅರ್ಧಕ್ಕೇ ನಿಂತೆ. ನಾನು ಹುಟ್ಟಾ ಸೋಮಾರಿ. ಇರುವ ದನಿಗಳನ್ನು ಎತ್ತಿಕೊಂಡು ಬದುಕುವವನು. ಇಂಥ ಸಲೀಸಾದ ಮಾತೊಂದನ್ನು ಸ್ವಂತವಾಗಿ ಯಾವಾಗ ಕಟ್ಟಿದೆ? ಎಷ್ಟು ತಡಕಿದರೂ ಆ ಗಳಿಗೆ ಸಿಗಲಿಲ್ಲ. ದನಿ ಮಾತ್ರವಲ್ಲ, ಮಾತೂ ಯಾರದೋ.

ಮೇಡಂ ಅಷ್ಟರಲ್ಲಿ ಬಂದು ಎಲ್ಲ ಕೇಳಿಸಿಕೊಂಡಿದ್ದರು. "ನೆನಪು ಮಾಡಿಕೋ," ಎಂದರು ಹಿಂದಿಯಲ್ಲಿ. ನೆನಪಾಗಲಿಲ್ಲ. ದನಿ ಎತ್ತಿಕೊಳ್ಳುವವನು ಯಾವ ಮುಖವನ್ನೂ ಇಟ್ಟುಕೊಳ್ಳುವುದಿಲ್ಲ. ಸಂತೆಯಲ್ಲಿ ಮೈಗೆ ಹತ್ತಿದ ವಾಸನೆಯ ಹಾಗೆ ಅದು ಬರುತ್ತದೆ, ಯಾವ ಅಂಗಡಿಯದೆಂದು ಕೇಳಿದರೆ ಹೇಗೆ ಹೇಳುವುದು? ಬಸ್ಸಿನಲ್ಲಿರಬಹುದು, ಕುಷಾಯಿಗೂಡದ ತರಕಾರಿ ಸಂತೆಯಲ್ಲಿರಬಹುದು, ನಮ್ಮ ಕಡೆಯವರ ಯಾವುದೋ ಮದುವೆಯಲ್ಲಿರಬಹುದು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟ ತಡೆಯಲಾಗದೆ ನಾನು ಬೇರೆ ದಾರಿ ಕಾಣದೆ ಆಯಿಯ ದನಿ ತೆಗೆದೆ.

"ನೋಡ್ ತಮ್ಮಾ..."

ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಗಾಜಿನ ಆಚೆಯಿಂದ ಸ್ಪೀಕರು ಕರಕರ ಅಂದಿತು. ಅಣ್ಣ! ಹೆಬ್ಬೆರಳಲ್ಲ, ಬಾಯಿ ತೆರೆದಿದ್ದರು. "ಅಲ್ಲಿ ಯಾಕೆ ನಿಲ್ಲುತ್ತೀಯಾ?"

"ಎಲ್ಲಿ?"

"ತಮ್ಮಾ ಅಂದ ಮೇಲೆ. ಪ್ರತಿ ಸಲ ನಿಲ್ಲುತ್ತೀಯ. ಶುರುವಿನಿಂದ ನೋಡುತ್ತಿದ್ದೇನೆ. ರೇಡಿಯೋದಲ್ಲಿ ಅಷ್ಟು ಹೊತ್ತು ಖಾಲಿ ಬಿಡಬಾರದು ಅಂತ ನಾನೇ ಪ್ರತಿ ಸಲ ಅದನ್ನು ಕತ್ತರಿಸುತ್ತೇನೆ."

ನನಗೆ ಗೊತ್ತೇ ಇರಲಿಲ್ಲ. ಪ್ರಸಾರವಾದ ಮೇಲೆ ಕೇಳುವಾಗ ಆ ಬಿಡುವು ಇರುತ್ತಿರಲಿಲ್ಲವಲ್ಲ! ಕಣ್ಣು ಮುಚ್ಚಿ ಮತ್ತೊಮ್ಮೆ ಮಾಡಿದೆ. ನೋಡ್ ತಮ್ಮಾ, ಎಂದ ಕೂಡಲೇ ಗದ್ದ ತಾನಾಗಿಯೇ ಮೇಲೆದ್ದು ಕುತ್ತಿಗೆ ಎಡಕ್ಕೆ ಹೊರಳಿತು. ಏನನ್ನೋ ಹೋಗಲು ಬಿಟ್ಟು ಕಾಯುವವರ ಹಾಗೆ. ದೊಡ್ಡದು, ಉದ್ದದ್ದು, ಮಾತನ್ನು ನುಂಗಿಕೊಂಡು ಹೋಗುವಂಥದ್ದು. ಆ ಮೌನದೊಳಗೆ ನನ್ನ ಕಿವಿಗೆ ಗಾಲಿಗಳ ಸದ್ದು ಬಂತು. ಎಕ್ಸ್‌ಪ್ರೆಸ್ ರೈಲು.

ಆಮೇಲೆ ಉಳಿದದ್ದೆಲ್ಲ ಒಂದರ ಹಿಂದೊಂದು ಬಂತು. ನಾನು ಮನೆಯಿಂದ ಬರುವುದು ಸಿಕಂದರಾಬಾದಿನ ತನಕ ಬಸ್ಸು, ಅಲ್ಲಿಂದ ಲೋಕಲ್ ರೈಲು. ನಮ್ಮ ರೈಲು ನಿಂತಿದೆ, ನಾನು ಕಿಟಕಿಯ ಬಳಿ. ಪ್ಲಾಟ್‌ಫಾರಂ ಮೇಲೆ ಒಬ್ಬ ಎತ್ತರದ ಮುದುಕಿ, ಜೊತೆಯಲ್ಲಿ ಹಿಟ್ಟಿನ ಡಬ್ಬಿ ಹೊತ್ತ ಒಬ್ಬ ಯುವಕ. ಪಕ್ಕದ ಹೂವಿನವಳನ್ನೂ ತಮ್ಮಾ ಎನ್ನುತ್ತ, 'ಚ್, ಅದಲ್ಲದು' ಎಂದು ಆತನ ಮಾತು ಕಡಿದು, ತನ್ನ ಮಾತು ಮುಗಿಯುವ ಮುಂಚೆ ತಾನೇ ನಗುತ್ತಿದ್ದಳು. "ನೋಡ್ ತಮ್ಮಾ," ಎಂದು ಆಕೆ ಶುರು ಮಾಡುವಾಗ ಆಚೆ ಹಳಿಯ ಮೇಲೆ ಎಕ್ಸ್‌ಪ್ರೆಸ್ ನುಗ್ಗಿತು. ಅದು ಹೋಗುವ ತನಕ ಗದ್ದ ಎತ್ತಿ ನಿಂತು, ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿದಳು: "ಲಗೂ ನಡಿ. ಹುಡುಗೂರಿಗೆ ರೊಟ್ಟಿ ಬಡೀಬೇಕು." ನಮ್ಮ ರೈಲು ಹೊರಟಿತು. ಅವಳ ತಲೆಯ ಹಿಂದೆ ಹಳದಿ ಬೋರ್ಡು.

"ಬೇಗಂಪೇಟೆ," ಎಂದೆ. ಯಾರ ದನಿಯಲ್ಲಿ ಅಂದೆನೋ ಗೊತ್ತಿಲ್ಲ.

ಕಾರಿನಲ್ಲಿ ಹೊರಟರೆ ಗಚ್ಚಿಬೌಲಿ ದಾಟುವಷ್ಟರಲ್ಲಿ ಸಂಜೆಯಾಗುತ್ತದೆ. ಲಿಂಗಂಪಲ್ಲಿಯಲ್ಲಿ ಲೋಕಲ್ ಹಿಡಿದೆವು. ಆಕೆ ಇಷ್ಟು ವರ್ಷ ಈ ನಗರದಲ್ಲಿದ್ದೂ ಆ ರೈಲು ಹತ್ತಿದವರಲ್ಲ. ಕಂಬಿ ಹಿಡಿದು ನಿಂತು, ನಾನು ಕೇಳದೆಯೇ, ಅಮ್ಮನಿಗೆ ತಾವು ಮಾಡಿದ್ದನ್ನೆಲ್ಲ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ಕರೆತಂದದ್ದು, ಪ್ರತ್ಯೇಕ ಖೋಲಿ, ಏಸಿ, ಟೀವಿ, ಮೊಣಕಾಲಿಗೆ ಒಳ್ಳೆಯ ಡಾಕ್ಟರು. "ಏನು ಕಡಿಮೆ ಮಾಡಿದ್ದೆ ಹೇಳಿ," ಎಂದರು. ಅವರ ತಾಯಿ ನನಗೆ ಸಿಕ್ಕಿದ್ದು ಒಂದು ರೈಲು ನಿಲ್ಲುವಷ್ಟು ಹೊತ್ತು. ಹೋದ ಸಲ ಕಂಡವರು ಈ ಸಲವೂ ಇರುತ್ತಾರೆಂದು ಏನು ಖಾತರಿ? ಅಂದು ನನಗೆ ಯಾರನ್ನೂ ಅಣಕಿಸಬೇಕೆನಿಸಲಿಲ್ಲ. ಎದುರಿಗೇ ಒಬ್ಬಾತ ಅದ್ಭುತವಾಗಿ ಶೇಂಗಾ ಮಾರುತ್ತಿದ್ದ.

ಬೇಗಂಪೇಟೆ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹಿಟ್ಟಿನ ಗಿರಣಿ ಹುಡುಕಿದೆವು. ಗಿರಣಿಯವನನ್ನು ಜೋಳ ಬೀಸಿಕೊಳ್ಳುವ ಮುದುಕಿಯ ಬಗ್ಗೆ ಕೇಳುವಷ್ಟರಲ್ಲೇ ಆತ ಕಿವಿ ಮುಚ್ಚಿಕೊಂಡು ತೋರಿಸಿ ನಕ್ಕ. "ಓ, ಮೈಕ್ ಅಮ್ಮನಾ?" ಎಂದು ತೆಲುಗಿನಲ್ಲಿ ಹೇಳಿ ಎದುರಿನ ಕಟ್ಟಡದ ಮೇಲಿನ ಮಾಳಿಗೆ ತೋರಿಸಿದ.

ಮೆಟ್ಟಿಲಲ್ಲೇ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಮೇಲೆ ಒಂದು ಮೆಸ್ಸು. ಕಲಬುರಗಿ, ರಾಯಚೂರು ಕಡೆಯಿಂದ ಬಂದು ಸುತ್ತಲಿನ ಆಫೀಸು, ಬ್ಯಾಂಕುಗಳಲ್ಲಿ ದುಡಿಯುವ ಹುಡುಗರು ಸಾಲಾಗಿ ಉಣ್ಣುತ್ತಿದ್ದರು. ಗ್ಯಾಸಿನ ಭೋರ್ಗರೆತ, ಹೊಗೆ ಎಳೆಯುವ ಫ್ಯಾನಿನ ಗದ್ದಲ, ತಾಟುಗಳ ಸಪ್ಪಳ. ಎಲ್ಲದರ ಮೇಲೆ ಆ ದನಿ.

"ಏ ಬ್ಯಾಂಕಾ, ಪುಂಡಿ ಪಲ್ಯಾ ಬಿಟ್ಟಿ ಅಂದ್ರ ನಾಳೆ ನಿನಗ ರೊಟ್ಟಿ ಇಲ್ಲ ನೋಡ್ ತಮ್ಮಾ!"

ಇಷ್ಟು ದಿನ ನನ್ನ ಗಂಟಲಲ್ಲಿದ್ದದ್ದು ಎದುರಿಗೆ ಸೆರಗು ಸಿಕ್ಕಿಸಿಕೊಂಡು ಕೂತಿತ್ತು.

ಮುದುಕಿ ತಲೆ ಎತ್ತಿ ಮಗಳನ್ನು ನೋಡಿದಳು. ತಟ್ಟುವ ಕೈ ನಿಲ್ಲಲಿಲ್ಲ.

"ಬಂದೇನು? ಕುಂದ್ರು. ಉಂಡೀಯೋ ಇಲ್ಲೋ?"

"ಅಮ್ಮಾ," ಎಂದರು ಆಕೆ.

"ಏನಂದಿ? ಕೇಳಸವಲ್ದು."

"ಎಲ್ಲ ಕಡೆ ಹುಡುಕಿದ್ವಿ ಅಮ್ಮಾ. ಪೊಲೀಸರಿಗೆ..."

"ಪೊಲೀಸರ್ಯಾಕ? ಕಳಕೊಂಡಿದ್ನೇನು ನಾ? ನಾನ ಬಂದೀನಿ. ಊರಾಗಿರೋ ನನ್ನ ತಮ್ಮಗ, ನಿಮ್ಮ ಸ್ವಾದರಮಾವಗ, ಗೊತ್ತೈತಿ. ಬಾಯಿ ಬಿಟ್ಟಿ ಅಂದ್ರ ಸತ್ತರೂ ಮಾರಿ ನೋಡಂಗಿಲ್ಲ ಅಂತ ಹೇಳೀನಿ."

ಮಗಳು ಗೋಡೆಗೆ ಕೈ ಕೊಟ್ಟು ನಿಂತರು. ನಾನು ಕಳೆದುಹೋದವಳನ್ನು ಹುಡುಕಿಕೊಟ್ಟೆನೆಂಬ ಗರ್ವದಲ್ಲಿ ಮೆಟ್ಟಿಲು ಹತ್ತಿದ್ದೆ. ಆ ಗರ್ವ ಅಲ್ಲೇ ಎಲ್ಲೋ ತಾಟಿನೊಳಗೆ ಬಿತ್ತು.

"ಯಾಕಮ್ಮಾ? ನಾನು ಏನು ಮಾಡಿದೆ?"

ಆಗ ಮುದುಕಿ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಹಿಟ್ಟಿನ ಕೈ ಎತ್ತಿ ತುಟಿಯ ಮೇಲೆ ಬೆರಳಿಟ್ಟು, ಕುತ್ತಿಗೆ ಒಂದೀಟು ಓರೆ ಮಾಡಿ, ಮಗಳ ಆ ಇಸ್ತ್ರಿ ಮಾಡಿದ ದನಿಯನ್ನು ಹಾಗೇ ತೆಗೆದಳು. "ಅಮ್ಮಾ, ಮೆಲ್ಲಗೆ, ಮೀಟಿಂಗ್ ನಡೀತಿದೆ. ಅಮ್ಮಾ, ಮೆಲ್ಲಗೆ, ಪಕ್ಕದ ಮನೆಯವರು ಏನಂದ್ಕೋತಾರೆ. ಅಮ್ಮಾ, ಲಿಫ್ಟಲ್ಲಿ ಮಾತಾಡಬೇಡ." ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಡೀ ಮೆಸ್ಸು ಉಣ್ಣುವುದನ್ನು ನಿಲ್ಲಿಸಿತ್ತು. ನಾನು ಇಷ್ಟು ದಿನ ಅಣಕಿಸುತ್ತಿದ್ದದ್ದು ನನಗಿಂತ ದೊಡ್ಡ ಅಣಕುಗಾರ್ತಿಯನ್ನು.

ಮತ್ತೆ ತನ್ನ ದನಿಗೆ ಬಂದಳು. "ಹೊಲದ ಈ ದಂಡಿಗೆ ನಿಂತು ಆ ದಂಡಿಯವ್ರ ಜೋಡಿ ಮಾತಾಡಿದಾಕಿ ನಾ. ಮಂದಿ ಉಣ್ಣಾಕ ಬರತಾರಂತ ನೀ ನನ್ನ ಖೋಲಿ ಬಾಗಲಾ ಹೊರಗಿಂದ ಎಳಕೊಂಡು ಹ್ವಾದೆಲ್ಲ, ಅವತ್ತ ಅಂದ್ಕೊಂಡೆ, ಸಾಕು ಅಂತ."

ಮಗಳ ಮುಖ ನೋಡಿದರೆ ಆ ಬಾಗಿಲಿನ ನೆನಪೇ ಅವರಿಗೆ ಇದ್ದಂತಿರಲಿಲ್ಲ. ಈಗ ಮೊದಲ ಸಲ ಅದನ್ನು ಒಳಗಿನಿಂದ ನೋಡುತ್ತಿದ್ದರು.

"ಈ ತಮ್ಮ ಯಾರು, ಕಂಬ ನಿಂತಂಗ ನಿಂತಾನ?"

ನಾನು ರೇಡಿಯೋದ ಕಥೆಯನ್ನೆಲ್ಲ ಹೇಳಿದೆ. "ಮಾಡಿ ತೋರಸು ನೋಡೋಣು," ಎಂದಳು. ಮಾಡಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಮುದುಕಿ ನಗಲಿಲ್ಲ.

"ಚ್, ಅದಲ್ಲದು. ನಾ ಹಿಂಗ ಮಾತಾಡತೀನೇನು? ಗಂಟಲಾಗ ಕಪ್ಪಿ ಕುಂತಂಗ ಐತಿ."

"ಮನೆಗೆ ಹೋಗೋಣ ಬಾಮ್ಮಾ," ಎಂದರು ಮಗಳು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

"ಹಿಟ್ಟು ತೀರೇತಿ," ಎಂದು ಮುದುಕಿ ಎದ್ದು, ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಜೋಳದ ಡಬ್ಬಿ ಎತ್ತಿಕೊಂಡು ನಮ್ಮಿಬ್ಬರ ನಡುವೆಯೇ ಹಾದು ಮೆಟ್ಟಿಲಿಳಿದು ಹೋದಳು.

ಮಗಳು ಮೆಟ್ಟಿಲ ಪಕ್ಕದ ಕಟಾಂಜನದ ಕಂಬಿ ಹಿಡಿದು ನಿಂತರು. ಕೆಳಗೆ ಗಲ್ಲಿಯಲ್ಲಿ ಆಟೋಗಳು, ತಳ್ಳುಗಾಡಿಗಳು. ಆ ಕಡೆ ರೈಲು ಹಾರ್ನು ಹಾಕುತ್ತಿತ್ತು. ಎತ್ತರದ ಬೆನ್ನು ಜನರೊಳಗೆ ಸೇರುತ್ತಿತ್ತು. "ಅಮ್ಮಾ," ಎಂದರು. ಕೆಳಗಿನವರಿರಲಿ, ಪಕ್ಕದಲ್ಲಿದ್ದ ನನಗೇ ಕಷ್ಟದಿಂದ ಕೇಳಿಸಿತು. ಮತ್ತೆ "ಅಮ್ಮಾ" ಎಂದರು. ಕೊರಳಿನ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಬೆನ್ನು ಗಿರಣಿಯ ಕಡೆ ತಿರುಗಿತು.

"ಯವ್ವಾ! ನಿಂದರ ಅಲ್ಲೇ! ಒಬ್ಬಾಕೀನ ಹೊರಬ್ಯಾಡ! ನಾನೂ ಬರಾಕತ್ತೀನಿ!"

ನಾನು ಹಿಂದಕ್ಕೆ ಜಿಗಿದು ಬಾಗಿಲಿಗೆ ಬಡಿದುಕೊಂಡೆ. ಕೆಳಗೆ ತಳ್ಳುಗಾಡಿಯವನು ಕೈಯಲ್ಲಿದ್ದ ಸೋರೆಕಾಯಿಯ ಸಮೇತ ಮೇಲೆ ನೋಡಿದ. ಎದುರಿನ ಮಾಳಿಗೆಯಲ್ಲಿ ಯಾರೋ ಕಿಟಕಿ ತೆರೆದರು. ನಾನು ಇಷ್ಟು ಕಾಲ ತಡಕಾಡಿ, ಗಂಟಲಲ್ಲಿ ಕಪ್ಪೆ ಕೂರಿಸಿಕೊಂಡು ತೆಗೆಯಲು ಒದ್ದಾಡುತ್ತಿದ್ದ ಆ ದನಿ, ಒಂದಿಷ್ಟೂ ಕಷ್ಟವಿಲ್ಲದೆ, ಆ ಕಂಪನಿಯ ಕಾರ್ಡಿನ ಹಿಂದಿನಿಂದ ಬಂದಿತ್ತು.

ಮುದುಕಿ ನಡುರಸ್ತೆಯಲ್ಲಿ ನಿಂತಳು. ಆಟೋದವನು ಬೈದು ಸುತ್ತುಹಾಕಿಕೊಂಡು ಹೋದ. ಮಗಳು ಚಪ್ಪಲಿ ಮರೆತು ಮೆಟ್ಟಿಲಿಳಿದು ಓಡಿ, ಡಬ್ಬಿಯ ಇನ್ನೊಂದು ಕಿವಿ ಹಿಡಿದರು. ಬಿಡು ಎಂದು ಒಬ್ಬರು, ನೀ ಬಿಡು ಎಂದು ಇನ್ನೊಬ್ಬರು.

"ವಾರಕ್ಕೊಮ್ಮೆರ ಬಾ ಅಂದ್ರ ಬರಂಗಿಲ್ಲೇನು ನೀ?"

"ನೀ ಕರದೀಯೇನು? ಫೋನೂ ಬಿಟ್ಟು ಬಂದೀದಿ!"

"ಒದರಬ್ಯಾಡ, ಕಿವಿ ಅದಾವ!"

"ನಿನಗ ಕೇಳಸವಲ್ದಲ್ಲ ಮತ್ತ!"

ಗಿರಣಿಯ ಮೂಲೆ ತಿರುಗಿ ಕಣ್ಮರೆಯಾದ ಮೇಲೂ ಇಬ್ಬರೂ ಕೇಳಿಸುತ್ತಲೇ ಇದ್ದರು. ಹುಡುಗರು ತಾಟು ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲಿ ಬಂದು ನಿಂತಿದ್ದರು. ಈಗ ಮಾತಾಡಿದ್ದು ಯಾರು, ಅವ್ವನೋ ಮಗಳೋ ಎಂದು ಒಬ್ಬ ಕೇಳಿದ. ನಾನು ಕಿವಿಗೊಟ್ಟು ಬಹಳ ಹೊತ್ತು ಕೇಳಿದೆ. ನನಗೂ ಗೊತ್ತಾಗಲಿಲ್ಲ.